ವಾರಸುದಾರರಿಲ್ಲದ ಕೊಡೆಗಳು

ಡಿಸೆಂಬರಿನಲ್ಲಿ ಕೊಡೆ ಕೇಳಿಕೊಂಡು ಬಂದರೆ
ಯಾರಾದರೂ ನಗುತ್ತಾರೆ. ನಾನೂ ನಕ್ಕೆ.
ಲೂರ್ದಮ್ಮ ನಗಲಿಲ್ಲ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ
ಸೂಜಿ ಚುಚ್ಚಿದ ಕೈ ಎತ್ತಿ, ಅಂಗಡಿಯ ಸೂರು ತೋರಿಸಿ,
"ಅವು ಎಷ್ಟಿವೆ, ದೇವೋಜಿ?" ಅಂದಳು.

ಮೂವತ್ತೇಳು. ರಿಪೇರಿಗೆ ಕೊಟ್ಟು
ಮರೆತೇ ಹೋದವರವು. ಒಂದೊಂದರ ಕುತ್ತಿಗೆಗೂ ರಟ್ಟಿನ ಚೀಟಿ:
ಆಯನೂರು ಟೀಚರ್, ಸ್ಪ್ರಿಂಗ್, ನಲವತ್ತು.
ದುರ್ಗಿಗುಡಿ ಅಜ್ಜಿ, ಎರಡು ಕಡ್ಡಿ, ಪಾಪ, ಇಪ್ಪತ್ತು ಸಾಕು.
ಪೋಸ್ಟ್‌ಮನ್ ಹಾಲಪ್ಪ, ಹೊಳಲೂರು, ಹಿಡಿ, ಮೂವತ್ತು.
ಬಾವಲಿಗಳ ಹಾಗೆ ತಲೆಕೆಳಗಾಗಿ
ನಾಲ್ಕು ಮಳೆಗಾಲ ತೂಗಿದ್ದವು.

"ಭಾನುವಾರ ಮೆರವಣಿಗೆ," ಅಂದಳು, "ನಮ್ಮ ಮಕ್ಕಳದ್ದು.
ಗಂಡೆಂದು ಬರೆಸಿಕೊಂಡ ಹೆಣ್ಣುಗಳು, ಹೆಣ್ಣಿಗೆ ಒಲಿದ ಹೆಣ್ಣುಗಳು,
ತಮಗಿನ್ನೂ ಹೆಸರು ಹುಡುಕುತ್ತಿರುವವರು.
ಗೋಪಿ ಸರ್ಕಲ್ಲಿನಲ್ಲಿ ಬೈಯುವವರು ಕಾದಿರುತ್ತಾರೆ.
ಕಿವಿ ಮುಚ್ಚುವುದಕ್ಕಾಗದು.
ಕಣ್ಣಿಗಾದರೂ ಮರೆ ಹಿಡಿಯೋಣ."

ಅವಳದ್ದು ಕೆಲವೇ ಕಾನೂನು.
ತಿರುಗಿ ನೋಡಬಾರದು. ಉತ್ತರ ಕೊಡಬಾರದು.
ಬಾತ್‌ರೂಮಿಗೆ ಮೊದಲೇ ಹೋಗಿ ಬಂದಿರಬೇಕು.
ಮೂವತ್ತೇಳು ಕೊಡೆಗೆ ಮೂವತ್ತಾರು ಜನ ಸಿಕ್ಕರು,
ಹೀಗಾಗಿ ನಾನು.

ಬಿಸಿಲು ಚುರುಚುರು. ಭುಜದ ಮೇಲಿಂದ ಕೊಡೆ ಬಿಚ್ಚಿ
ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆವು
ಕಡ್ಡಿಗೆ ಕಡ್ಡಿ ತಾಗುವಷ್ಟು ಹತ್ತಿರ.
ನೆಹರೂ ರಸ್ತೆಯ ಉದ್ದಕ್ಕೆ ಕಪ್ಪು ಬಟ್ಟೆಯ ಗೋಡೆ,
ಅಲ್ಲಲ್ಲಿ ತೇಪೆ. ಎಲ್ಲ ನನ್ನ ಕೈಯದೇ.

ಬಂದರು. ತಮಟೆ ಮೊದಲು.
ಆಮೇಲೆ ಭದ್ರಾವತಿಯ ಒಬ್ಬ ತಾಯಿ, ರಟ್ಟು ಎತ್ತಿ ಹಿಡಿದು:
'ನನ್ನ ಮಗ, ಅವನ ಗೆಳೆಯ, ಇಬ್ಬರಿಗೂ ಊಟ ನಮ್ಮನೆಯಲ್ಲೇ.'
ತೀರ್ಥಹಳ್ಳಿ ಬಸ್ಸಿಳಿದ ಹುಡುಗಿಯರಿಬ್ಬರು
ವೇಲಿನಲ್ಲಿ ಮುಖ ಸುತ್ತಿಕೊಂಡಿದ್ದವರು
ನನ್ನ ಕೊಡೆಯ ಮರೆಗೆ ಬಂದು ಬಿಚ್ಚಿದರು, ಉಸಿರೆಳೆದರು.
ಒಬ್ಬಳ ಮೂಗಿನ ತುದಿಯ ಬೆವರು
ಇನ್ನೊಬ್ಬಳು ಬೆರಳಲ್ಲಿ ಒರೆಸಿದಳು.
ನಾನು ಕಂಡದ್ದು ಇಷ್ಟೇ.
ಇಷ್ಟಕ್ಕೇ ಅಷ್ಟು ಕೂಗು?

ಬೆನ್ನ ಹಿಂದೆ ಧಿಕ್ಕಾರ, ಸಂಸ್ಕೃತಿ,
ನಮ್ಮಮ್ಮನ ಮೇಲೂ ಒಂದು ಮಾತು.
ಅರ್ಧ ತುಂಬಿದ ನೀರಿನ ಬಾಟಲಿ ಬಂದು ಬಡಿಯಿತು.
ಕಡ್ಡಿ ಕಿರ್ರೆಂದಿತು. ಹೊಲಿಗೆ ಬಿಡಲಿಲ್ಲ.

ಆಗ ಅಷ್ಟು ಗಂಟಲುಗಳ ನಡುವೆ
ಒಂದು ಗಂಟಲು ತಡವರಿಸಿತು.
"ಏಯ್, ಆ ಕೊಡೆ..."
ನಿಂತಿತು. ಮತ್ತೆ, ಸಣ್ಣಗೆ, ನನ್ನ ಕಿವಿಯ ಹತ್ತಿರವೇ:
"ಅಂಚಲ್ಲಿ ಬಿಳಿ ದಾರದ ಹೆಸರಿದೆ. ಅದು ನಮ್ಮಪ್ಪಂದು."

ಕಾನೂನು ಮುರಿದೆ, ಅರ್ಧ. ತಿರುಗದೆಯೇ ಅಂದೆ:
"ಮೂವತ್ತು ರೂಪಾಯಿ ಬಾಕಿ. ಬುಧವಾರ ಅಂಗಡಿಗೆ ಬಾ.
ಹಾಲಪ್ಪನೋರು ಹೇಗಿದಾರೆ?"
ತಮಟೆ ಒಂದು ಸುತ್ತು ಮುಗಿಸಿತು.
"ಹೋದ ವರ್ಷ ಹೋದರು."
ಆಮೇಲೆ ಅವನು ಕೂಗಿದನೋ ಇಲ್ಲವೋ, ಹೇಳಲಾರೆ.
ನೂರು ದನಿಯಲ್ಲಿ ಒಂದು ಕಮ್ಮಿಯಾದರೆ
ಬೆನ್ನಿಗೇನು ತಿಳಿಯುತ್ತದೆ?

ಬುಧವಾರ ಬರಲಿಲ್ಲ.
ಶುಕ್ರವಾರ ಬಂದ, ಹೆಲ್ಮೆಟ್ ತೆಗೆಯಲಿಲ್ಲ.
ಐವತ್ತರ ನೋಟು ಕೊಟ್ಟು ಇಪ್ಪತ್ತು ಎಣಿಸಿಕೊಂಡ.
ಬಿಚ್ಚಿದ, ಮಡಚಿದ. "ಒಂದು ಕಡ್ಡಿ ಬಾಗಿದೆಯಲ್ಲ?"
"ಅದು ನಿಮ್ಮ ಕಡೆಯಿಂದಲೇ ಬಂದದ್ದು," ಅಂದೆ,
"ಅದಕ್ಕೆ ದುಡ್ಡಿಲ್ಲ."
ಕೂತು ನೆಟ್ಟಗೆ ಮಾಡಿಕೊಟ್ಟೆ.
ಅಷ್ಟು ಹೊತ್ತೂ ಅವನು ಸೂರು ನೋಡುತ್ತಿದ್ದ.
ಎಣಿಸುತ್ತಿದ್ದನೇನೋ.

ಈಗ ಮೂವತ್ತಾರು.
ಲೂರ್ದಮ್ಮನಿಗೆ ಹೇಳಬೇಕು.
ಹೇಳಿದರೆ ಮೊದಲು ಕೇಳುವುದು:
"ಮಾತಾಡಿದೆಯಾ?"