ಅಳತೆ ಪುಸ್ತಕ

ಕ್ಲಿಫರ್ಡ್ ಹೋಲ್‌ರಾಯ್ಡ್: ಕೊರಳು ಹದಿನೈದೂವರೆ,
ಎದೆ ಮೂವತ್ತೆಂಟು, ಸೊಂಟ ಮೂವತ್ತೆರಡು,
ಎಡಗೈ ಬಲಗೈಗಿಂತ ಕಾಲಿಂಚು ಉದ್ದ.
ಹ್ಯಾಲಿಫ್ಯಾಕ್ಸಿನ ಕಾರ್ಪೆಟ್ ಗಿರಣಿ ಮುಚ್ಚಿದ ವರ್ಷ
ನಾಟಕಶಾಲೆಯ ಹೊಲಿಗೆ ಕೋಣೆಗೆ ಸೇರಿ
ನಾನು ಬರೆದ ಮೊದಲ ಸಾಲು,
ಲೆಕ್ಕದ ವಹಿಯಲ್ಲಿ, ಕನ್ನಡದ ಅಂಕಿಯಲ್ಲಿ.

ಆಗ ಅವನು ಯಾರೂ ಅಲ್ಲ.
ಎರಡನೆಯ ಅಂಕದಲ್ಲಿ ತಟ್ಟೆ ಹಿಡಿದು ಬರುವ ಬಟ್ಲರ್.
"ಕಾರು ಬಂದಿದೆ, ಸ್ವಾಮಿ." ಅಷ್ಟೇ ಮಾತು.
ಆ ಮೂರು ಶಬ್ದಕ್ಕೆ ಮಧ್ಯಾಹ್ನವೆಲ್ಲ ಮೆಟ್ಟಿಲ ಮೇಲೆ ಕೂತು
ಕಲ್ಲುಸಕ್ಕರೆಯಂತೆ ಬಾಯಲ್ಲಿ ಹೊರಳಿಸುತ್ತಿದ್ದ.
ಕಮಲಾಕ್ಷಿ ಎನ್ನಲು ಬಾರದೆ ನನ್ನನ್ನು "ಕಮ್" ಎಂದ.
ಅವರ ಭಾಷೆಯಲ್ಲಿ ಅದಕ್ಕೆ 'ಬಾ' ಎಂದರ್ಥ.
ಮೂವತ್ತೈದು ವರ್ಷ ಬಾ ಬಾ ಎಂದು ಕರೆದ,
ನಾನು ಗುಂಡುಸೂಜಿ ಕಚ್ಚಿಕೊಂಡೇ ಓಡಿದೆ.

ಸೊಂಟ ಮೂವತ್ತನಾಲ್ಕು: ಪೊಲೀಸು.
ಮೂವತ್ತಾರು: ಪಾದ್ರಿ, ಎರಡು ಸಲ; ಒಬ್ಬ ಕೊಲೆಗಡುಕ;
ಚಳಿಗಾಲದಲ್ಲಿ ಕುದುರೆಯ ಹಿಂದಿನ ಅರ್ಧ.
ಮುಂದಿನ ಅರ್ಧವಾಗಿದ್ದವನು ಲಂಡನ್ನಿಗೆ ಹೋಗಿ
ವಿಮೆ ಮಾರಿದನಂತೆ.

ಆಮೇಲೆ ಪುಸ್ತಕದಲ್ಲಿ ಹನ್ನೊಂದು ವರ್ಷ ಖಾಲಿ.
ಟಿವಿಯವರು ಅವನನ್ನು ಅಂಚೆಯವನನ್ನಾಗಿ ಮಾಡಿದರು,
ಮಂಗಳವಾರ, ಗುರುವಾರ, ಸಂಜೆ ಏಳೂವರೆಗೆ.
ಅಲ್ಲಿಯ ಅಳತೆ ಇನ್ಯಾರೋ ಬರೆದುಕೊಂಡಿರಬೇಕು.
ಬಸ್ಸಿನಲ್ಲಿ ಹೆಂಗಸರು ಅವನ ಮೊಣಕೈ ಜಗ್ಗಿ
ನನ್ನ ಮಗನ ಕಾಗದ ಯಾಕಪ್ಪ ಬರಲಿಲ್ಲ ಎಂದು ಕೇಳುತ್ತಿದ್ದರು,
ಅರ್ಧ ತಮಾಷೆಗೆ.
ಕಡೆಗೆ ಸಂಬಳ ಹೆಚ್ಚು ಕೇಳಿದನೆಂದು
ಬರೆಯುವವರು ಅವನ ವ್ಯಾನನ್ನು ಸೇತುವೆಯಿಂದ ಉರುಳಿಸಿದರು.
ಮರುದಿನ ಪೇಟೆಯ ಕೆಂಪು ಅಂಚೆಡಬ್ಬಿಯ ಬುಡದಲ್ಲಿ ಹೂವಿನ ರಾಶಿ.
ಇಬ್ಬರೂ ಹೋಗಿ ನೋಡಿದೆವು. ಟೊಪ್ಪಿಗೆ ಕಣ್ಣಿನವರೆಗೆ ಎಳೆದು
ಒಂದೊಂದೇ ಚೀಟಿ ಓದಿದ.
"ನೋಡು ಕಮ್, ಇಷ್ಟು ಒಳ್ಳೆಯ ವಿಮರ್ಶೆ
ನನಗೆ ಹುಟ್ಟಿದಂದಿನಿಂದ ಬಂದಿಲ್ಲ."
ನಾನು ನಕ್ಕೆ. ಅವನು ನಗಲಿಲ್ಲ,
ಒಂದು ಚೀಟಿ ಜೇಬಿಗಿಳಿಸಿದ.

ಸೊಂಟ ನಲವತ್ತೊಂದು. ಕ್ರಿಸ್‌ಮಸ್ಸಿಗೆ ಮುದುಕಿಯ ವೇಷ,
ಲಂಗಕ್ಕೆ ಹದಿನಾರು ಗಜ ಬಟ್ಟೆ.
ನಮ್ಮ ಕಡೆ ಗಂಡಸರು ಸೀರೆಯುಟ್ಟು ರಂಗಕ್ಕೆ ಬರುತ್ತಿದ್ದರೆಂದೆ.
ನಿರಿಗೆ ಹಿಡಿದು ನಡೆಯುವುದು ಹೇಗೆ, ತೋರಿಸು ಎಂದ.
ತೋರಿಸಿದೆ, ಇಸ್ತ್ರಿಪೆಟ್ಟಿಗೆಯನ್ನು ಮರೆತು.
ಒಂದು ತೋಳು ಸುಟ್ಟಿತು.

ಅವನ ಮರೆವು ಶುರುವಾದದ್ದು ಸೊಂಟ ಇಳಿಯತೊಡಗಿದಾಗ.
ಮೊದಲು ಬೀದಿಯ ಹೆಸರು, ಆಮೇಲೆ ಮೂರನೆಯ ಅಂಕ.
ಯಾರಿಗೂ ಹೇಳಬೇಡ ಎಂದ.
ನನಗೆ ಇಂಗ್ಲಿಷು ಕಿವಿಯಲ್ಲುಂಟು, ಕಣ್ಣಿನಲ್ಲಿಲ್ಲ.
ಅವನು ಹೇಳಿದ, ನಾನು ಬರೆದುಕೊಂಡೆ,
ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ
ನ್ಯಾಯಾಧೀಶನ ಪಾತ್ರವಿಡೀ ಕನ್ನಡ ಲಿಪಿಯಲ್ಲಿ,
ಒತ್ತಕ್ಷರ, ದೀರ್ಘ, ಸೊನ್ನೆ ಸಮೇತ.
ಸೈಡ್‌ವಿಂಗಿನ ಕತ್ತಲಲ್ಲಿ ಟಾರ್ಚು ಹಿಡಿದು ನಿಂತೆ,
ಅವನು ತಡವರಿಸಿದಲ್ಲಿ ಪಿಸುಗುಟ್ಟಿದೆ.
ನನ್ನ ಹಾವೇರಿಯ ನಾಲಿಗೆಯ ಇಂಗ್ಲಿಷು
ಹಾಗೆಯೇ ಅವನ ಬಾಯಿಂದ ಹೊರಬಿತ್ತು,
ಪದದ ಕೊನೆಗೊಂದು ಉಕಾರ ಅಂಟಿಕೊಂಡೇ:
ಕೋರ್ಟು, ಜೈಲು, ಗಿಲ್ಟು.
ಶುಕ್ರವಾರದ ಪತ್ರಿಕೆ ಬರೆಯಿತು:
"ಹೋಲ್‌ರಾಯ್ಡರ ನ್ಯಾಯಾಧೀಶ ಯಾವ ಮಾತಿನ ಬಾಗಿಲನ್ನೂ ಮುಚ್ಚುವುದಿಲ್ಲ,
ಕರುಣೆ ಒಳಬರಲಿ ಎಂಬಂತೆ."
ಕರುಣೆಯಲ್ಲಪ್ಪ ಅದು, ಉಕಾರ.
ಕತ್ತರಿಸಿ ಪುಸ್ತಕದೊಳಗಿಟ್ಟೆ.

ಈಗ ಗುಡ್ಡದ ಮೇಲಿನ ಆ ಮನೆಯಲ್ಲಿದ್ದಾನೆ, ಎಂಬತ್ತನಾಲ್ಕು.
ಮಧ್ಯಾಹ್ನ ಯಾವುದೋ ಚಾನೆಲ್ಲು ಹಳೆಯ ಕಂತುಗಳನ್ನು ಹಾಕುತ್ತದೆ.
ಅಂಚೆಯವನು ಸೈಕಲ್ಲಿನಿಂದ ಇಳಿಯುತ್ತಾನೆ,
ಕೋಟಿನ ಎರಡನೆಯ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಿದೆ.
ನನ್ನ ಕೈ ಸೂಜಿಗೆ ಹೋಗುತ್ತದೆ.
"ಯಾರಿವನು?" ಎನ್ನುತ್ತಾನೆ ಕ್ಲಿಫ್, "ಸ್ವಲ್ಪ ಅತಿ ಮಾಡುತ್ತಾನೆ."

ನನ್ನ ಹೆಸರು ಅವನಿಗೆ ಹೋಗಿದೆ. ಬಾ ಎನ್ನುವುದಿಲ್ಲ, ನಾನೇ ಬರುತ್ತೇನೆ.
ಕೊರಳಿನಿಂದ ಟೇಪು ತೆಗೆದರೆ ಸಾಕು,
ಎದ್ದು ನಿಂತು ಎರಡೂ ಕೈ ಪಕ್ಕಕ್ಕೆ ಚಾಚುತ್ತಾನೆ,
ಗದ್ದ ಮೇಲೆ, ಉಸಿರು ಹಿಡಿದು.
ಏನು ಹೊಲಿಯುತ್ತೀರಿ ಎಂದು ನರ್ಸು ಕೇಳುತ್ತಾಳೆ.
ಪಾತ್ರ ಯಾವುದೆಂದು ಇನ್ನೂ ಹೇಳಿಲ್ಲ ಎನ್ನುತ್ತೇನೆ.