ಬಾಳಿಕೆ

ಎಷ್ಟು ಕಿಲೋಮೀಟರ್ ಬಾಳುತ್ತೆ ಇದು?
ಅಂಗಡಿಗೆ ಕಾಲಿಟ್ಟವರೆಲ್ಲ ಮೊದಲು ಕೇಳುವುದು ಇದನ್ನೇ.
ರೂವಿಯ ಈ ಓಣಿಯಲ್ಲಿ, ದರ್ಜಿಗಳ ನಡುವೆ,
ಟ್ಯೂಬುಲರ್ ಟೈರು ಅಂಟಿಸುವವನು ನಾನೊಬ್ಬನೇ.

ಹಿಂದಿನದು ಎರಡು ಸಾವಿರ ಎನ್ನುತ್ತೇನೆ,
ಮುಂದಿನದು ಮೂರು, ನಾಲ್ಕೂ ಆದೀತು.
ಭಾರ ಹೊರುವುದು ಹಿಂದಿನದು ತಾನೇ.
ಇಲ್ಲವೇ ನಾಳೆ ಬೆಳಿಗ್ಗೆ ಮೀನು ಮಾರ್ಕೆಟ್ಟಿನ ತಿರುವಿನಲ್ಲಿ
ಒಂದು ಗಾಜಿನ ಚೂರು.
ಅದರ ಲೆಕ್ಕ ನನ್ನ ಬಳಿ ಇಲ್ಲ.

ಆರಿಸುವುದು ಹೇಗೆ?
ಹತ್ತಿಯದು ರಸ್ತೆಯ ಮೇಲೆ ಗುಟ್ಟು ಹೇಳಿದಂತೆ ಓಡುತ್ತದೆ,
ಆದರೆ ಮಸ್ಕತ್ತಿನ ಉಪ್ಪುಗಾಳಿಗೆ ಅಂಚು ಬಿಡುತ್ತದೆ.
ಪಾಲಿಯೆಸ್ಟರು ಒರಟು, ಹಟಮಾರಿ, ಅರ್ಧ ಬೆಲೆ.
ಹೆಬ್ಬೆರಳಿಂದ ಒತ್ತಿ ನೋಡಿ, ಮೂಸಿ ನೋಡಿ,
ಕಲ್ಲಂಗಡಿಗೆ ಇಷ್ಟೆಲ್ಲ ಮಾಡುತ್ತೀರಲ್ಲ.

ಅಟ್ಟದ ಮೇಲೆ, ಬೆಳಕು ತಾಗದ ಕಡೆ,
ಹಳೆ ರಿಮ್ಮುಗಳಿಗೆ ತೊಡಿಸಿ ಎಂಟು ಜೊತೆ ಇಟ್ಟಿದ್ದೇನೆ
ಉಪ್ಪಿನಕಾಯಿಯ ಹಾಗೆ.
ವಿಜಯಪುರದ ನಮ್ಮ ಕೋಚು ಕಲಿಸಿದ್ದು.
ಮಾಗುತ್ತವೋ, ಬರೀ ಹಳತಾಗುತ್ತವೋ,
ಇವತ್ತಿಗೂ ತಿಳಿದಿಲ್ಲ.

ಅಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ನನ್ನದೆಂದು ಇದ್ದದ್ದು ಒಂದೇ ಜೊತೆ.
ತೂತಾದರೆ ಹೊಟ್ಟೆಯ ಹೊಲಿಗೆ ಬಿಚ್ಚಿ,
ಒಳಗಿನ ಟ್ಯೂಬಿಗೆ ತೇಪೆ ಹಚ್ಚಿ
ಕೌದಿಯ ದಾರದಲ್ಲಿ ಮತ್ತೆ ಹೊಲಿಯುತ್ತಿದ್ದೆ.
ಅವ್ವ ಚಾಳೀಸು ಮೇಲೇರಿಸಿ ನೋಡುತ್ತಿದ್ದಳು:
‘ಹೊಲಗಿ ದೂರ ದೂರ ಬಿದ್ದಾವ. ಹತ್ರ ಹಾಕು.
ಯಾರ ಜೀವಾ ಕುಂದರ್ತೈತೋ ಏನೋ ಇದರ ಮ್ಯಾಲೆ.’

ಖಲ್ಫಾನ್ ಸಾಹೇಬರು ಬ್ಯಾಂಕಿನಿಂದ ನಿವೃತ್ತರು, ಅರವತ್ತೆರಡು.
ರಮದಾನಿನ ಒಂದು ಸಂಜೆ,
ಉಪವಾಸ ಬಿಡಲು ಇನ್ನರ್ಧ ಗಂಟೆ ಇರುವಾಗ
ಚಕ್ರ ಹಿಡಿದು ಬಂದರು. ನಾಳೆಗೇ ಬೇಕು ಎಂದರು.
ಅಂಟು ಮೂರು ಪದರ ಬೇಕು, ಪದರಕ್ಕೊಂದು ರಾತ್ರಿ.
ನಾನು ಒಂದು ಬಳಿದೆ.
ಟೈರು ಕೂತಿತು, ಗಾಳಿ ನಿಂತಿತು,
ಬೆರಳಿಗೆ ಗಟ್ಟಿಯಾಗೇ ಸಿಕ್ಕಿತು.
ರಿಯಾಲು ಎಣಿಸಿ ಗಲ್ಲೆಗೆ ಹಾಕಿದೆ.

ಅಮೆರಾತಿನ ಘಾಟು, ಬೌಶರಿನ ಕಡೆಯ ಇಳಿಜಾರು.
ಬ್ರೇಕು ಹಿಡಿದು ಹಿಡಿದು ರಿಮ್ಮು ಕಾದು
ಅಂಟು ಬೆಲ್ಲದ ಪಾಕವಾಗಿ,
ತಿರುವಿನಲ್ಲಿ ಮುಂದಿನ ಟೈರು
ಚಕ್ರವನ್ನು ಬಿಟ್ಟು ತನ್ನ ದಾರಿ ಹಿಡಿಯಿತಂತೆ.

ಒಂದೂವರೆ ತಿಂಗಳ ಮೇಲೆ ಬಂದರು.
ಎಡಗೈ ಜೋಳಿಗೆಯಲ್ಲಿ, ಬಲಗೈಯಲ್ಲಿ ಅದೇ ಚಕ್ರ.
‘ಎಷ್ಟು ಕಿಲೋ ಬಾಳಿತು ಗೊತ್ತೇ?’ ಎಂದರು.
‘ಇಪ್ಪತ್ತಾರು.’
ಎಷ್ಟು ಪದರ ಎಂದು ಅವರು ಕೇಳಲಿಲ್ಲ.
ನಾನೇ ಒಂದು ಬೆರಳು ಎತ್ತಿ ತೋರಿಸಿದೆ,
ಎತ್ತಿದ ಬೆರಳನ್ನು ಎಲ್ಲಿ ಇಡುವುದೋ ತಿಳಿಯದೆ
ಒರೆಸುವ ಬಟ್ಟೆಯಲ್ಲಿ ಅಡಗಿಸಿದೆ.

ಅವರು ಸ್ಟೂಲು ಎಳೆದುಕೊಂಡು ಕೂತರು.

ಹಳೆಯ ಅಂಟು ಕೆರೆದು ತೆಗೆಯುವುದಕ್ಕೇ ಮೊದಲ ಸಂಜೆ ಹೋಯಿತು.
ರಾತ್ರಿ ಒಂದು ಪದರ.
ಮರುದಿನ ಖರ್ಜೂರ ತಂದರು, ಫ್ಲಾಸ್ಕಿನಲ್ಲಿ ಕಹ್ವಾ.
ಕುಂಚ ಆಡಿಸುತ್ತಾ ನೀನು ಗೊಣಗುವುದೇನು ಎಂದು ಕೇಳಿದರು.
ಬಾಳಲಿ ಅನ್ನುತ್ತೇನೆ, ಸಾಹೇಬರೇ.
ನಮ್ಮ ಕಡೆ ಕೊಡೆ ಬಾಳುತ್ತದೆ, ಕೊಡ ಬಾಳುತ್ತದೆ,
ಕೊಟ್ಟ ಮನೆಯಲ್ಲಿ ಹೆಣ್ಣು ಬಾಳುತ್ತಾಳೆ. ಎಲ್ಲಕ್ಕೂ ಒಂದೇ ಮಾತು.
ಅವರೂ ಹೇಳಿ ನೋಡಿದರು.
ಆ ನಾಲಿಗೆಗೆ ಅದು ‘ಬಾಲಲಿ’ ಆಯಿತು.
ಇರಲಿ, ಬಾಲವೂ ಉದ್ದವೇ ಅಲ್ಲವೇ.

ಮೂರನೆಯ ರಾತ್ರಿ
ಅವರ ಒಂದು ಕೈ, ನನ್ನ ಎರಡು.
ವಾಲ್ವು ಇಳಿಸಿ, ಅಲ್ಲಿಂದ ಎರಡೂ ಬದಿಗೆ ಎಳೆದೆಳೆದು
ಕೊನೆಯ ಗೇಣು ಹೆಬ್ಬೆರಳಿಗೆ ಬೊಕ್ಕೆ ಬರುವಂತೆ ಒತ್ತಿ ಕೂರಿಸಿ
ತಿರುಗಿಸಿದೆ.
ಅಲುಗಾಟವಿಲ್ಲ.
ನಾಳೆ ಬೆಳಿಗ್ಗೆವರೆಗೆ ಯಾರೂ ಮುಟ್ಟಬಾರದು ಎಂದೆ.
ಶಟರು ಅರ್ಧ ಎಳೆದೆ.
ಅವರು ಸ್ಟೂಲಿನಿಂದ ಏಳಲಿಲ್ಲ.