ಮೊಂಡು ತುದಿಯ ಕೋಣೆ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ
ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು.
ಗುಳುಗುಳು ಅಂದರೆ ನೀರಿದೆ, ಅಟ್ಟಕ್ಕೆ ವಾಪಸ್ಸು.
ಗಟಗಟ ಅಂದರೆ ಗಿಟುಕು ಚಿಪ್ಪು ಬಿಟ್ಟಿದೆ, ಒಡೆಯಬಹುದು.
ಹನ್ನೊಂದು ತಿಂಗಳಲ್ಲಿ ಆ ನೀರು ಎಲ್ಲಿ ಹೋಯಿತೆಂದು
ಯಾರೂ ಕೇಳುವುದಿಲ್ಲ. ಹೋಗಿರಬೇಕು, ಅಷ್ಟೆ.

ಇಂಥವನಿಗೆ
ಮುಂಗುಸಿ ಹೇಂಟೆಯನ್ನು ಎಳೆದೊಯ್ದ ರಾತ್ರಿ
ಹನ್ನೊಂದು ಮೊಟ್ಟೆ ಗಂಟುಬಿದ್ದವು.
ಇನ್ನೂ ಬೆಚ್ಚಗಿದ್ದವು.

ಮೀನಂಗಡಿ ಖಾಜಾಪೀರ್ ಕೊಟ್ಟ ಥರ್ಮಾಕೋಲ್ ಡಬ್ಬಿ,
ತೊಳೆದರೂ ಬಿಡದ ಬಂಗಡೆ ವಾಸನೆ,
ನಲವತ್ತು ವ್ಯಾಟಿನ ಬಲ್ಬು, ಹಳೆ ಸೀರೆಯ ಮಡಿಕೆ,
ಅಗಲ ಬಟ್ಟಲಲ್ಲಿ ನೀರು.
ಶ್ರಾವಣ. ಗೋಡೆಯೇ ಬೆವರುತ್ತಿತ್ತು.
ಆದರೂ ದಿನಾ ಸಂಜೆ ಬಟ್ಟಲು ತುಂಬಿಸಿದೆ,
ಬಾಯಾರಿಕೆಯೇನೋ ಎಂದು.

ಹೇಂಟೆಯ ನಾಲ್ಕು ದಿನ, ನನ್ನ ಹದಿನೇಳು.
ಇಪ್ಪತ್ತೊಂದು ಕಳೆಯಿತು. ಇಪ್ಪತ್ತಮೂರೂ.
ಒಡೆದು ನೋಡಿದರೆ
ಉಗುರು, ಕೊಕ್ಕು, ರೆಪ್ಪೆ ಎಲ್ಲ ಮೂಡಿದ್ದ ಮರಿಗಳು
ಒಳಗೇ ಮುಳುಗಿದ್ದವು.
ಜಯಶೀಲ ಬೇಲಿಯ ಪಕ್ಕ ಗುಂಡಿ ತೋಡಿದಳು.
ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

ಪಶು ಆಸ್ಪತ್ರೆಯ ಕಾಂಪೌಂಡರ್ ಹೇಳಿದ್ದು:
"ಮೊಟ್ಟೇನೂ ಒಣಗಬೇಕು ಕಣಯ್ಯ.
ಮೊಂಡು ತುದೀಲಿ ಒಂದು ಖಾಲಿ ಕೋಣೆ ಇರುತ್ತೆ,
ನೀರು ಹೋದಷ್ಟೂ ಅದು ದೊಡ್ಡದಾಗುತ್ತೆ.
ಮರಿ ಮೊದಲ ಉಸಿರು ಎಳೆಯೋದು ಅಲ್ಲೇ.
ನೀನು ಆ ಕೋಣೇನೇ ಕಟ್ಟೋಕೆ ಬಿಡಲಿಲ್ಲ."

ಹತ್ತೊಂಬತ್ತು ವರ್ಷ, ಇಂಥ ಕಿವಿ ಇಟ್ಟುಕೊಂಡು.
ನನಗೇ ಹೊಳೆಯಬೇಕಿತ್ತು.

ಮಾಘದಲ್ಲಿ ಮತ್ತೆ ಒಂಬತ್ತು ಮೊಟ್ಟೆ, ಕಡ ತಂದದ್ದು.
ಈ ಸಲ ತೇವ ತೋರುವ ಮೀಟರು, ಇನ್ನೂರ ನಲವತ್ತು ರೂಪಾಯಿ.
ಅದನ್ನೂ ನಂಬಲಿಲ್ಲ.
ಬಾಟಲಿ ಮುಚ್ಚಳದಲ್ಲಿ ಉಪ್ಪು, ಒದ್ದೆಯಾಗುವಷ್ಟೇ ನೀರು,
ಮೀಟರಿನ ಜೊತೆ ಗಾಜಿನ ಭರಣಿಯಲ್ಲಿ ಮುಚ್ಚಿಟ್ಟು
ಒಂದು ಹಗಲು ಒಂದು ರಾತ್ರಿ ಕಾದೆ.
ಉಪ್ಪಿನ ಸಾಕ್ಷಿ ಎಪ್ಪತ್ತೈದು;
ಮೀಟರು ಅರವತ್ತೊಂಬತ್ತು ಅಂದಿತು.
ಸುಳ್ಳು ಎಷ್ಟೆಂದು ಗೊತ್ತಾದ ಮೇಲೆ
ಸುಳ್ಳುಗಾರನ ಜೊತೆ ಬಾಳಬಹುದು.
ಆರು ಸೇರಿಸಿ ಓದಿಕೊಂಡೆ.

ಬಟ್ಟಲು ತೆಗೆದು ಅದೇ ಮುಚ್ಚಳ ಇಟ್ಟೆ.
ಆಳ ಲೆಕ್ಕಕ್ಕಿಲ್ಲ, ಅಗಲವೇ ಲೆಕ್ಕ;
ಬಾವಿಯಷ್ಟು ನೀರಿದ್ದರೂ ಬಾಯಿ ಚಿಕ್ಕದಾದರೆ
ಗಾಳಿಗೆ ದಕ್ಕುವುದು ಅಷ್ಟೇ.
ಒಣಗಾಳಿಗೆ ಮೂವತ್ತಕ್ಕೆ ಇಳಿದ ದಿನ ಸೋಪಿನ ಡಬ್ಬಿ.
ನಲವತ್ತೈದು, ಸರಿ. ಐವತ್ತು ದಾಟಿದರೆ ಅದೂ ಆಚೆ.

ರಾತ್ರಿ ಟಾರ್ಚಿಗೆ ಮೊಟ್ಟೆ ಹಿಡಿಯುತ್ತೇನೆ.
ಅಲ್ಲಾಡಿಸುವಂತಿಲ್ಲ; ನನ್ನ ಕೈಗೆ ಅದೇ ಕಷ್ಟ.
ಗೂಡ್ಸ್ ರೈಲು ಹೋಗುವಾಗ ಮನೆ ನಡುಗುತ್ತದೆ,
ಎರಡೂ ಅಂಗೈ ಡಬ್ಬಿಯ ಮೇಲಿಟ್ಟು ನಿಲ್ಲುತ್ತೇನೆ
ಕೊನೆಯ ಬೋಗಿಯವರೆಗೆ.
ಖಾಲಿ ಕೋಣೆಯ ಅಂಚಿಗೆ ಪೆನ್ಸಿಲ್ ಗೆರೆ:
ಏಳಕ್ಕೊಂದು, ಹದಿನಾಲ್ಕಕ್ಕೊಂದು,
ಇಳಿಯುವ ಕೆರೆ ದಡದಲ್ಲಿ ಬಿಟ್ಟುಹೋಗುವ ಗೆರೆಗಳ ಹಾಗೆ.

ಹದಿನೆಂಟಕ್ಕೆ ಲೆಕ್ಕ ತಿರುಗಿತು.
ಇಷ್ಟು ದಿನ ಒಣಗಿಸಿದ್ದನ್ನು ಈಗ ಒದ್ದೆ ಮಾಡಬೇಕು,
ಇಲ್ಲವಾದರೆ ಪೊರೆ ಒಣಗಿ
ಹೊರಟು ನಿಂತ ಮರಿಗೆ ಅಂಟಿ ಬಿಗಿಯುತ್ತದೆ.
ಬಟ್ಟಲು ವಾಪಸ್ಸು, ಪಾತ್ರೆ ತಿಕ್ಕುವ ಹೊಸ ಸ್ಪಂಜು,
ಬೆಚ್ಚನೆ ನೀರು. ಅರವತ್ತೆಂಟು.
ಇನ್ನು ಮುಚ್ಚಳ ತೆಗೆಯುವಂತಿಲ್ಲ.
ಜಯಶೀಲ ಅದರ ಮೇಲೆ ನಾಲ್ಕು ಸ್ಟೀಲ್ ಲೋಟ ಪೇರಿಸಿಟ್ಟಳು.
"ತೆಗೆದೆ ಅಂದ್ರೆ ಸದ್ದಾಗುತ್ತೆ, ಹುಷಾರ್."

ಇಪ್ಪತ್ತರ ರಾತ್ರಿ, ಮೂರು ಗಂಟೆ.
ಚಿಪ್ಪಿನ ಒಳಗಿಂದಲೇ ಒಂದು ಕಿಚ್.
ಕೈ ಲೋಟದವರೆಗೆ ಹೋಯಿತು.
ಅವಳು ಕಣ್ಣು ಮುಚ್ಚಿಕೊಂಡೇ ಅಂದಳು:
"ಬೇಡ."

ಥರ್ಮಾಕೋಲಿಗೆ ಕಿವಿ ಮಾತ್ರ ಇಟ್ಟೆ.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ನಾನು ಅಲ್ಲಾಡಿಸದೆ
ಒಳಗಿನದು ತಾನೇ ಅಲ್ಲಾಡಿತು.